ಗಾಜಿನ ಮುಖದ ಕ್ಯಾಬಿನೆಟ್

ಕಮ್ಮನಹಳ್ಳಿ, ಬೆಂಗಳೂರು
3 ಸೆಪ್ಟೆಂಬರ್ 2025

ಶಿವಶರಣ ಅವರಿಗೆ ಶರಣು.

ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ, ಆದ್ದರಿಂದ ಮದುವೆಯವರೆಗೆ ನಾವಿಬ್ಬರೂ ಪತ್ರ ಬರೆದುಕೊಳ್ಳೋಣ ಎಂದು ನಿಶ್ಚಿತಾರ್ಥದ ದಿನ ಹೋಳಿಗೆ ತಟ್ಟೆ ಹಿಡಿದುಕೊಂಡೇ ಹೇಳಿದಿರಿ. ಮಾತೇನೋ ಚೆನ್ನಾಗಿತ್ತು. ಮೂರು ವಾರವಾದರೂ ಪತ್ರ ಮಾತ್ರ ಬರಲಿಲ್ಲ. ನನಗಿಂತ ಮೊದಲು ಅಮ್ಮನಿಗೆ ತಾಳ್ಮೆ ತಪ್ಪಿತು. ಇಮೇಲ್ ಆದರೂ ಪತ್ರ ಪತ್ರವೇ ಎಂದುಕೊಂಡು ನಾನೇ ಶುರು ಮಾಡುತ್ತಿದ್ದೇನೆ.

ವಿಷಯ ಏನೆಂದರೆ ಕಂಪ್ಯೂಟರ್ ಕ್ಯಾಬಿನೆಟ್, ಅದರ ಭಾಗಗಳನ್ನೆಲ್ಲ ಒಳಗೆ ಕೂರಿಸುವ ಪೆಟ್ಟಿಗೆ. ಆವತ್ತು ನೀವು ನಿಮ್ಮ ತಂದೆಯವರಿಗೆ ‘ಹುಡುಗಿ ಹೊಲಿಗಿ ಕೆಲಸ ಮಾಡ್ತಾಳ’ ಎಂದಿರಿ. ನನಗೆ ಸೂಜಿಗೆ ದಾರ ಪೋಣಿಸಲೂ ನೆಟ್ಟಗೆ ಬರುವುದಿಲ್ಲ. ನನ್ನದು ಪಂಚಿಂಗ್ ಕೆಲಸ. ಬ್ಲೌಸಿನ ಮೇಲೆ ನವಿಲು ಬೇಕು ಅಂದರೆ, ಯಾವ ದಾರ ಎಲ್ಲಿ ಶುರುವಾಗಿ ಎಲ್ಲಿ ತಿರುಗಬೇಕು ಎಂದು ಕಂಪ್ಯೂಟರಿನಲ್ಲಿ ಒಂದೊಂದೇ ಹೊಲಿಗೆ ಬರೆದು ಫೈಲ್ ಮಾಡುತ್ತೇನೆ. ಆ ಫೈಲ್ ಶಿವಾಜಿನಗರದ ಹಸನ್ ಭಾಯಿಯ ಕಾರ್ಖಾನೆಗೆ ಹೋಗಿ ಎಂಬ್ರಾಯ್ಡರಿ ಮೆಷಿನ್ ಸೇರುತ್ತದೆ. ಬೆಳಗ್ಗೆ ಹಚ್ಚಿದ ಕಂಪ್ಯೂಟರ್ ಸಂಜೆ ದೀಪ ಹಚ್ಚುವವರೆಗೂ ಆರುವುದಿಲ್ಲ.

ಎರಡು ಸಾವಿರದ ಆಸುಪಾಸಿನ ಒಂದು ಕ್ಯಾಬಿನೆಟ್ ನನಗೆ ಹಿಡಿಸಿದೆ. ಕರಿ ತಗಡು, ಮುಂದೆ ಪೂರ್ತಿ ಜಾಲರಿ. ನೋಡಲು ಜರಡಿಯೇ. ಆದರೆ ಒಳಗೆ ಗಾಳಿ ಚೆನ್ನಾಗಿ ಆಡುತ್ತದೆ, ಕೈ ಹಾಕಿದರೆ ತಗಡಿನ ಅಂಚು ಕೊಯ್ಯುವುದಿಲ್ಲ. ನೀವು ಬ್ಯಾಂಕಿನ ಕಂಪ್ಯೂಟರ್ ವಿಭಾಗದ ಅಧಿಕಾರಿಗಳು. ನಿಮ್ಮನ್ನು ಕೇಳದೆ ಮುಂದುವರಿಯಬಾರದು ಎಂದು ಅಮ್ಮನ ಅಪ್ಪಣೆ. ಆದ್ದರಿಂದ ಕೇಳುತ್ತಿದ್ದೇನೆ. ಇದು ಸಾಕೇ?

ವೈಷ್ಣವಿ

ವಿಜಯಪುರ
9 ಸೆಪ್ಟೆಂಬರ್ 2025

ವೈಷ್ಣವಿಯವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಬರೆಯದೆ ಇದ್ದದ್ದಕ್ಕೆ ಕೆಲಸದ ಒತ್ತಡವೇ ಕಾರಣ. ನಮ್ಮ ಬ್ಯಾಂಕಿನ ಎಲ್ಲ ಶಾಖೆಗಳ ಕಂಪ್ಯೂಟರ್ ವ್ಯವಹಾರ ನನ್ನೊಬ್ಬನ ಸಹಿಯ ಮೇಲೆ ನಿಂತಿದೆ. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಹಾದುಹೋದ ಮೆಷಿನ್‌ಗಳಿಗೆ ಲೆಕ್ಕವಿಲ್ಲ.

ನೀವು ಮೆಚ್ಚಿದ ವಸ್ತುವಿನ ಚಿತ್ರವನ್ನು ಇಂಟರ್ನೆಟ್‌ನಲ್ಲಿ ಹುಡುಕಿ ನೋಡಿದೆ. ಅದನ್ನು ಕ್ಯಾಬಿನೆಟ್ ಎನ್ನುವುದಾದರೆ ನಮ್ಮ ಬ್ಯಾಂಕಿನ ಕಸದ ಬುಟ್ಟಿಯನ್ನು ಲಾಕರ್ ಎನ್ನಬಹುದು. ಹಳ್ಳಿಯ ಕಡೆ ಅಂಥದ್ದರಲ್ಲಿ ಕೋಳಿ ಮುಚ್ಚುತ್ತಾರೆ. ನಿಮಗೆ ತಿಳಿಯದ ವಿಷಯ, ಆದ್ದರಿಂದ ನಿಮ್ಮ ತಪ್ಪಲ್ಲ. ಬೆಂಗಳೂರಿನ ಅಂಗಡಿಯವರು ಹೆಣ್ಣುಮಕ್ಕಳು ಬಂದರೆ ಗೋದಾಮಿನ ಮೂಲೆಯಲ್ಲಿ ಬಿದ್ದದ್ದನ್ನು ಒರೆಸಿ ಕೊಡುತ್ತಾರೆ.

ಈಗ ಒಳ್ಳೆಯ ಮನೆಗಳಲ್ಲಿ ಇರುವುದು ಗಾಜಿನದು. ಮುಂದೆಯೂ ಗಾಜು, ಪಕ್ಕದಲ್ಲೂ ಗಾಜು, ಒಳಗೆ ಬಣ್ಣ ಬದಲಿಸುವ ದೀಪದ ಫ್ಯಾನು. ಫೆಬ್ರವರಿಯಲ್ಲಿ ಮದುವೆ, ಅದಾದ ಮೇಲೆ ನಾನು ಬೆಂಗಳೂರು ಶಾಖೆಗೆ ವರ್ಗ ಮಾಡಿಸಿಕೊಳ್ಳುತ್ತೇನೆ. ಮನೆಗೆ ಮ್ಯಾನೇಜರ್ ಬರುತ್ತಾರೆ, ಬಂಧುಗಳು ಬರುತ್ತಾರೆ. ಕಂಪ್ಯೂಟರ್ ಹಾಲ್‌ನಲ್ಲಿ ಟಿವಿಯ ಪಕ್ಕ ಇರಬೇಕು, ಬಂದವರ ಕಣ್ಣಿಗೆ ಬೀಳಬೇಕು. ಅಗ್ಗದ ಸಾಮಾನು ಕೊಳ್ಳುವವರನ್ನು ಜನ ಅಗ್ಗವಾಗಿಯೇ ಕಾಣುತ್ತಾರೆ. ಇದನ್ನು ಮದುವೆಗೆ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು ಎಂದು ಹೇಳುತ್ತಿದ್ದೇನೆ.

ಸದ್ಯ ಏನೂ ಕೊಳ್ಳಬೇಡಿ.

ಶಿವಶರಣ

ಕಮ್ಮನಹಳ್ಳಿ
15 ಸೆಪ್ಟೆಂಬರ್ 2025

ಶಿವಶರಣ ಅವರಿಗೆ,

ಉಪದೇಶ ತಲುಪಿತು. ಅಮ್ಮನಿಗೆ ಓದಿ ಹೇಳಿದೆ, ಕೋಳಿಯ ಸಾಲನ್ನು ಬಿಟ್ಟು. ‘ಎಷ್ಟ್ ತಿಳಕೊಂಡಾನ ನೋಡು’ ಎಂದು ಸಂತೋಷಪಟ್ಟಳು.

ನನಗೆ ಒಂದು ಅರ್ಥವಾಗಲಿಲ್ಲ. ಮುಂದೆ ಗಾಜು ಹೊಡೆದುಬಿಟ್ಟರೆ ಅದರ ಹಿಂದಿನ ಫ್ಯಾನು ಗಾಳಿಯನ್ನು ಎಲ್ಲಿಂದ ಎಳೆಯಬೇಕು? ಗಾಜಿಗೂ ತಗಡಿಗೂ ನಡುವೆ ಬೆರಳು ತೂರದ ಸಂದಿ ಬಿಟ್ಟಿರುತ್ತಾರೆ. ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿದ ಬಸ್ಸಿನೊಳಗೆ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರ ಪಾಡೇ ಪ್ರಾಸೆಸರಿನ ಪಾಡು. ಬೆವರು ಒರೆಸಿಕೊಳ್ಳಲೂ ಅದಕ್ಕೆ ಕೈಯಿಲ್ಲ. ಇನ್ನು ಬಣ್ಣದ ದೀಪ. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಅದಕ್ಕೇನೂ ಬರಗಾಲವಿಲ್ಲ. ಶವರ್ಮಾ ಅಂಗಡಿ, ಮೊಬೈಲ್ ಅಂಗಡಿ, ಬಾರು, ಎಲ್ಲರೂ ಹಾಕಿಕೊಂಡಿದ್ದಾರೆ. ಅವರಿಗೆ ಗಿರಾಕಿ ಬೇಕು. ನನ್ನ ಮೇಜಿನ ಕೆಳಗೆ ಯಾವ ಗಿರಾಕಿಯೂ ಬಂದು ಕೂರುವುದಿಲ್ಲ.

ಎರಡು ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ. ಪ್ರಾಸೆಸರಿನ ಮೇಲೆ ಕೂತು ಅದನ್ನು ತಣ್ಣಗಿಡುವ ನನ್ನ ಕೂಲರ್ ಸ್ವಲ್ಪ ಎತ್ತರದ್ದು. ನೀವು ಹೇಳುವ ಗಾಜಿನ ಕ್ಯಾಬಿನೆಟ್‌ನಲ್ಲಿ ಪಕ್ಕದ ಗಾಜು ಮುಚ್ಚಿದರೆ ಅದಕ್ಕೆ ತಾಗುತ್ತದೆಯೇ? ಮತ್ತೆ, ಎಸ್‌ಎಂಪಿಎಸ್ ಎಂಬ ಕರೆಂಟಿನ ಡಬ್ಬಿ ಕೆಳಗಿನ ಮುಚ್ಚಿದ ಗೂಡಿನಲ್ಲಿ ಕೂತರೆ ಪ್ರಾಸೆಸರಿನ ತಂತಿ ಮದರ್‌ಬೋರ್ಡಿನ ಹಿಂದಿನಿಂದ ಮೇಲಿನ ಮೂಲೆಗೆ ಮುಟ್ಟುತ್ತದೆಯೇ? ಇವೆರಡನ್ನು ನೋಡದೆ ಕ್ಯಾಬಿನೆಟ್ ಆರಿಸುವುದು ಎಂದರೆ ಕಾಲಿನ ಅಳತೆ ನೋಡದೆ ಚಪ್ಪಲಿ ತಂದ ಹಾಗೆ.

ವೈಷ್ಣವಿ

ವಿಜಯಪುರ
24 ಸೆಪ್ಟೆಂಬರ್ 2025

ಪ್ರಿಯ ವೈಷ್ಣವಿ,

ಇನ್ನು ನೀವು ತಾವು ಬೇಡ. ನಿಶ್ಚಯವಾದ ಹುಡುಗಿ, ನೀನು ಎನ್ನುತ್ತೇನೆ.

ನಿನ್ನ ಪತ್ರ ಓದಿ ನಗು ಬಂತು. ಯೂಟ್ಯೂಬ್ ನೋಡಿ ಅರ್ಧ ಕಲಿತವರೆಲ್ಲ ಹೀಗೆಯೇ ಮಾತಾಡುವುದು. ಕೂಲರಿನ ಎತ್ತರ, ತಂತಿಯ ಉದ್ದ, ಇವೆಲ್ಲ ಅಂಗಡಿ ಹುಡುಗರ ತಲೆನೋವು. ನನ್ನ ಮಟ್ಟದಲ್ಲಿ ಅಂಥ ಪ್ರಶ್ನೆ ಬರುವುದೇ ಇಲ್ಲ.

ಬಿಡು, ಬರೆದು ತಿಳಿಸುವುದಕ್ಕಿಂತ ಮಾಡಿ ತೋರಿಸುವುದು ಸುಲಭ. ಒಂದು ಗಾಜಿನ ಕ್ಯಾಬಿನೆಟ್ ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ಅದು ನನ್ನ ಕಡೆಯಿಂದ ನಿನಗೆ ಮೊದಲ ಉಡುಗೊರೆ. ಖಂಡೆ ಪೂಜೆಯ ದಿನಕ್ಕೆ ಅಪ್ಪಾಜಿ ಮತ್ತು ನಾನು ನಿಮ್ಮ ಮನೆಗೆ ಬರುತ್ತೇವೆ. ಕಬ್ಬಿಣದ ಸಾಮಾನಿಗೆಲ್ಲ ಪೂಜೆಯಾಗುವ ದಿನವೇ, ಹಿರಿಯರ ಮುಂದೆಯೇ, ನಿನ್ನ ಕಂಪ್ಯೂಟರನ್ನು ನಾನು ಕೂತು ಕಟ್ಟಿಕೊಡುತ್ತೇನೆ. ಅಪ್ಪಾಜಿ ಈಗಾಗಲೇ ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದಾರೆ. ‘ನಮ್ಮ ಶಿವು ಸೊಸಿಗೆ ಕಂಪ್ಯೂಟರ್ ಮಾಡಿ ಕೊಡ್ತಾನಂತ’ ಎಂದು ಅವರಿಗೆ ಬಹಳ ಹೆಮ್ಮೆ.

ಬೋರ್ಡು, ಪ್ರಾಸೆಸರ್ ಇತ್ಯಾದಿ ಏನೇನಿದೆಯೋ ಅದನ್ನೆಲ್ಲ ಬಿಡಿಬಿಡಿಯಾಗಿ ಸಿದ್ಧ ಮಾಡಿಟ್ಟಿರು. ನೀನಾಗಿ ಏನನ್ನೂ ಜೋಡಿಸಲು ಹೋಗಬೇಡ.

ಶಿವಶರಣ

ಕಮ್ಮನಹಳ್ಳಿ
28 ಸೆಪ್ಟೆಂಬರ್ 2025

ಶಿವಶರಣ ಅವರಿಗೆ,

ನೀವು ಹೇಳಿದ ಹಾಗೆ ಸಾಮಾನೆಲ್ಲ ಬಿಡಿಬಿಡಿಯಾಗಿ ಅದರದರ ಪೆಟ್ಟಿಗೆಯಲ್ಲಿ ಇದೆ.

ಒಂದು ಮಾತು. ಹಸನ್ ಭಾಯಿ ಒಂದು ದೊಡ್ಡ ಮದುವೆಯ ಬ್ಲೌಸುಗಳ ಕೆಲಸ ಒಪ್ಪಿಕೊಂಡಿದ್ದಾರೆ. ಅದರ ಪಂಚಿಂಗ್ ಪೂರ್ತಿ ನನಗೇ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಕೆಲಸ ನನಗೆ ಹಿಂದೆ ಸಿಕ್ಕಿಲ್ಲ. ಹಬ್ಬ ಮುಗಿದ ಕೂಡಲೇ ಫೈಲ್ ಕಳಿಸಲು ಶುರು ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಆದ್ದರಿಂದ ಆ ದಿನ ಮೆಷಿನ್ ಆನ್ ಆಗಲೇಬೇಕು. ಕುಂಕುಮ, ಹೂವು ಏನಿದ್ದರೂ ಹೊರಗಿನಿಂದ ಮಾಡೋಣ, ಒಳಗೆ ಬೇಡ ಎಂದು ನಿಮ್ಮ ತಂದೆಯವರಿಗೆ ನೀವೇ ತಿಳಿಸಿ ಹೇಳಬೇಕು. ನಾನು ಹೇಳಿದರೆ ಚೆನ್ನಾಗಿರುವುದಿಲ್ಲ.

ಊಟಕ್ಕೆ ನಿಮಗೆ ಏನು ಇಷ್ಟ ಎಂದು ಅಮ್ಮ ಕೇಳುತ್ತಿದ್ದಾಳೆ.

ವೈಷ್ಣವಿ

ವಿಜಯಪುರ
7 ಅಕ್ಟೋಬರ್ 2025

ಪ್ರಿಯ ವೈಷ್ಣವಿ,

ಊರು ಸೇರಿದೆವು. ಆವತ್ತು ಹಾಗಾಗಬಾರದಿತ್ತು.

ನಾನು ಯೋಚನೆ ಮಾಡಿ ನೋಡಿದೆ. ಕ್ಯಾಬಿನೆಟ್ ಉತ್ತಮ ದರ್ಜೆಯದು, ಕಟ್ಟಿದ್ದರಲ್ಲೂ ಲೋಪವಿಲ್ಲ. ನಾನು ಕಟ್ಟಿದ ಯಾವ ಮೆಷಿನ್ನೂ ಇದುವರೆಗೆ ಕೈಕೊಟ್ಟದ್ದಿಲ್ಲ. ಹಾಗಾದರೆ ಉಳಿದದ್ದು ಒಂದೇ, ನಿನ್ನ ಬೋರ್ಡು. ಅಗ್ಗದ್ದನ್ನು ಕೊಂಡರೆ ಹೀಗೆಯೇ. ಇದನ್ನೇ ನಾನು ಸೆಪ್ಟೆಂಬರಿನಲ್ಲಿ ಬರೆದದ್ದು. ಸುಟ್ಟ ವಾಸನೆ ಬಂದಾಗ ಬೇರೆ ಯಾರಾದರೂ ಆಗಿದ್ದರೆ ಎಲ್ಲರೆದುರು ನಿನ್ನನ್ನು ಬೈದುಬಿಡುತ್ತಿದ್ದರು. ನಾನು ‘ಸಾಮಾನು ಅಗ್ಗದ್ದು, ಆಕಿದೇನು ತಪ್ಪು’ ಎಂದಷ್ಟೇ ಹೇಳಿ ನಿನ್ನ ಮರ್ಯಾದೆ ಉಳಿಸಿದೆ. ಅದನ್ನು ನೀನು ಗಮನಿಸಿದಂತೆ ಕಾಣಲಿಲ್ಲ. ಮರುದಿನ ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೋಣ’ ಅಂದಾಗಲೂ ಮುಖ ಗಂಟು ಹಾಕಿಕೊಂಡೇ ತೆಗೆದುಕೊಂಡೆ. ಅಪ್ಪಾಜಿ ಅದನ್ನು ನೋಡಿದರು.

ಖಂಡೆ ಪೂಜೆಯ ದಿನ ಸುಟ್ಟುಹೋದ ಮೆಷಿನ್ ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದಲ್ಲ ಎಂದು ಅಪ್ಪಾಜಿಯ ಅಭಿಪ್ರಾಯ. ಉಳಿದದ್ದನ್ನು ಗುಜರಿಗೆ ಹಾಕಿಬಿಡು. ಹೇಗೂ ಮದುವೆಯಾದ ಮೇಲೆ ಈ ಹೊಲಿಗೆ ಫೈಲಿನ ಕೆಲಸ ನಿನಗೆ ಬೇಕಾಗುವುದಿಲ್ಲ. ಇದೂ ಒಂದು ಸೂಚನೆ ಎಂದುಕೊಳ್ಳೋಣ. ಗಾಜಿನ ಕ್ಯಾಬಿನೆಟ್ ಮಾತ್ರ ಜೋಪಾನ.

ಶಿವಶರಣ

ಕಮ್ಮನಹಳ್ಳಿ
19 ಅಕ್ಟೋಬರ್ 2025

ಶಿವಶರಣ ಅವರಿಗೆ,

ಉತ್ತರ ತಡವಾಯಿತು. ಹಗಲೆಲ್ಲ ಶಿವಾಜಿನಗರದಲ್ಲಿ ಇರುತ್ತಿದ್ದೆ. ಹಸನ್ ಭಾಯಿ ಬಿಲ್ಲು ಬರೆಯುವ ಹಳೆಯ ಕಂಪ್ಯೂಟರ್ ಮುಂದೆ, ಎರಡು ಎಂಬ್ರಾಯ್ಡರಿ ಮೆಷಿನ್‌ಗಳ ಗದ್ದಲದ ನಡುವೆ, ಕಿವಿಗೆ ಹತ್ತಿ ಇಟ್ಟುಕೊಂಡು ಕೂತು ಪಂಚಿಂಗ್ ಮಾಡಿದೆ. ಆ ಕಂಪ್ಯೂಟರ್ ಒಂದು ನವಿಲಿಗೆ ಕಣ್ಣು ಇಡುವಷ್ಟರಲ್ಲಿ ನಾನು ಚಹಾ ಕುಡಿದು ಬರಬಹುದಿತ್ತು. ಮೊದಲ ದಿನ ಹಸನ್ ಭಾಯಿ ಕೇಳಿದರು, ‘ನಿಮ್ ಮೆಷಿನ್ ಚೆನ್ನಾಗೇ ಓಡ್ತಿತ್ತಲ್ಲ ಮೇಡಂ, ಏನಾಯ್ತು?’ ‘ಹಬ್ಬ ಆಯ್ತು ಭಾಯ್’ ಅಂದೆ. ಆಮೇಲೆ ಅವರು ಕೆಲಸ ನಿಧಾನವಾದದ್ದನ್ನು ನೋಡಿ ಅರ್ಧವನ್ನು ಬೇರೆಯವರಿಗೆ ಕೊಟ್ಟರು. ನನಗೆ ಅಳು ಬಂತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಸನ್ ಭಾಯಿ ಹೇಳಿದ್ದು ನಿಜ. ಮೆಷಿನ್ ಚೆನ್ನಾಗೇ ಓಡುತ್ತಿತ್ತು. ಜೂನ್ ತಿಂಗಳಿಂದ ಓಡುತ್ತಿತ್ತು. ಆ ಜರಡಿ ಮುಖದ ಕ್ಯಾಬಿನೆಟ್‌ನಲ್ಲಿ, ನೀವು ಕೋಳಿ ಮುಚ್ಚುವುದು ಎಂದಿರಲ್ಲ ಅದರಲ್ಲೇ, ನಾನೇ ಕೂತು ಕಟ್ಟಿದ್ದು. ಒಂದೊಂದು ಭಾಗವನ್ನೂ ಅಳೆದು ನೋಡಿ ತಂದದ್ದು. ನಿಮಗೆ ಮೊದಲ ಪತ್ರ ಬರೆಯುವಾಗ ಅದು ನನ್ನ ಕಾಲಿನ ಪಕ್ಕದಲ್ಲೇ ಗುಂಯ್ ಎನ್ನುತ್ತಿತ್ತು. ಆ ಪತ್ರ ಬರೆದದ್ದು ಅದರಲ್ಲೇ.

ಹಾಗಾದರೆ ಯಾಕೆ ಕೇಳಿದೆ ಎನ್ನುತ್ತೀರಿ. ಅಮ್ಮ ಕೇಳಿಸಿದಳು. ‘ಗಂಡಸ್ರಿಗೆ ಏನಾರ ಒಂದ್ ಕೇಳಬೇಕವ್ವಾ. ಎಲ್ಲಾ ನಾನ ಮಾಡ್ಕೋತೀನಿ ಅಂದ್ರ ಅವರಿಗೆ ಮನಿಯೊಳಗ ಏನ್ ಕೆಲಸ?’ ಎಂದಳು. ನೀವು ಒಂದು ಸಾಲಿನಲ್ಲಿ ಹೂಂ ಎಂದು ಬರೆಯುತ್ತೀರಿ, ನಿಮಗೂ ಸಂತೋಷ, ಅಮ್ಮನಿಗೂ ಸಂತೋಷ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನೀವು ಕ್ಯಾಬಿನೆಟ್ ತರುತ್ತೀರಿ ಎಂದು ಗೊತ್ತಾದಾಗ ನಿಜ ಹೇಳಿಬಿಡೋಣ ಅಂದೆ. ಅಮ್ಮ ಒಪ್ಪಲಿಲ್ಲ. ಬೀಗರು ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದಾರೆ, ಈಗ ಹೇಳಿದರೆ ಹುಡುಗನ ಮುಖ ಎಲ್ಲಿ ಇಡುವುದು ಎಂದಳು. ‘ಬಿಚ್ಚಿ ಇಡು. ಅವರು ಕಟ್ಟಲಿ. ನಿಂದೇನ್ ಹೋಗ್ತದ?’

ನಾನು ಬಿಚ್ಚಿದೆ. ಓಡುತ್ತಿದ್ದ ಮೆಷಿನ್ ಆರಿಸಿ, ಒಂದೊಂದೇ ಸ್ಕ್ರೂ ತೆಗೆದು, ಕೂಲರ್ ಎತ್ತಿ, ಪ್ರಾಸೆಸರ್ ಒರೆಸಿ, ಅಂಗಡಿಯಿಂದ ಈಗಷ್ಟೇ ಬಂದದ್ದರ ಹಾಗೆ ಪೆಟ್ಟಿಗೆಗೆ ತುಂಬಿದೆ. ಮನೆ ಮಾಲೀಕರು ಮುನಿಆಂಜನಪ್ಪನವರು ನೀರಿನ ಟ್ಯಾಂಕು ನೋಡಲು ಮೇಲೆ ಬಂದವರು ಬಾಗಿಲಲ್ಲಿ ನಿಂತು, ‘ಓಡ್ತಿರೋದನ್ನ ಯಾಕಮ್ಮ ಬಿಚ್ತಿದೀಯ?’ ಎಂದು ಕೇಳಿದರು. ಧೂಳು ಹೊಡೆಯುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

ಇನ್ನು ನಿಮ್ಮ ಕೈಚಳಕಕ್ಕೆ ಬರೋಣ. ಕೆ.ಆರ್. ಪುರಂ ಕಡೆಯ ಯಾವುದೋ ಗೋದಾಮಿನಿಂದ ಹೊರಟ ಆ ಗಾಜಿನ ಕ್ಯಾಬಿನೆಟ್ ಪೆಟ್ಟಿಗೆ, ಅದರ ಮೇಲಿನ ಚೀಟಿಯೇ ಹೇಳುವಂತೆ, ವಿಜಯಪುರ ನೋಡಿಕೊಂಡು ಮತ್ತೆ ಇಲ್ಲಿಗೇ ಬಂತು. ರೈಲಿನಲ್ಲಿ ಬರ್ತಿನ ಮೇಲೆ ಅದನ್ನು ಮಲಗಿಸಿ ನೀವು ಕೂತೇ ಬಂದಿರಂತೆ, ನಿಮ್ಮ ತಂದೆ ಹೇಳಿದರು. ಅಷ್ಟು ಮುತುವರ್ಜಿಯಲ್ಲಿ ಕಾಲು ಭಾಗ ಬೋರ್ಡಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ಬೋರ್ಡು ತಗಡಿಗೆ ನೇರ ತಾಗಬಾರದು. ತಾಗಿದರೆ ಹಿಂಬದಿಯ ಬೆಸುಗೆಗಳಿಗೆಲ್ಲ ಕರೆಂಟು ಹರಿದು ಶಾರ್ಟ್ ಆಗುತ್ತದೆ. ಅದಕ್ಕಾಗಿಯೇ ಕ್ಯಾಬಿನೆಟ್ ಜೊತೆ ಹಿತ್ತಾಳೆಯ ಪುಟ್ಟ ಸ್ಟಡ್‌ಗಳನ್ನು ಪೊಟ್ಟಣದಲ್ಲಿ ಕೊಟ್ಟಿರುತ್ತಾರೆ. ಮೊದಲು ಅವನ್ನು ತಗಡಿಗೆ ತಿರುಗಿಸಿ, ಬೋರ್ಡನ್ನು ಅವುಗಳ ಮೇಲೆ ಕೂರಿಸಬೇಕು. ನೀವು ಬೋರ್ಡನ್ನು ತಗಡಿಗೇ ಒತ್ತಿ ಸ್ಕ್ರೂ ಬಿಗಿದಿರಿ. ಹಿಂದಿನ ಕಿಂಡಿಗೆ ಪೋರ್ಟುಗಳು ಹೊಂದಲಿಲ್ಲ. ಹೊಂದುವುದಿಲ್ಲ ಅಂದರೆ ಏನೋ ತಪ್ಪಾಗಿದೆ ಎಂದು ಯಾರಿಗಾದರೂ ಹೊಳೆಯುತ್ತದೆ. ನೀವು ಹೆಬ್ಬೆರಳಿನಿಂದ ಅದುಮಿದಿರಿ. ನಾನು ‘ಸ್ವಲ್ಪ ತಡೀರಿ’ ಅಂದೆ. ನಿಮ್ಮ ತಂದೆ ರಾಹುಕಾಲ ಬಂತು, ಹಚ್ಚು ಹಚ್ಚು ಎಂದರು. ನೀವು ನನ್ನ ಕಡೆ ತಿರುಗಿಯೂ ನೋಡದೆ ‘ನೀ ಸುಮ್ನಿರು’ ಎಂದಿರಿ. ಆನ್ ಆಗಲಿಲ್ಲ. ಮತ್ತೆ ಒತ್ತಿದಿರಿ. ಮತ್ತೆ ಒತ್ತಿದಿರಿ. ಹೊಗೆ ಬಂತು.

ಆಗ ಎಲ್ಲರೂ ನನ್ನ ಮುಖ ನೋಡಿದರು. ಅಪ್ಪ ಪೇಪರ್ ಎತ್ತಿಕೊಂಡರು. ಅಮ್ಮ ಒಳಗೆ ಹೋಗಿ ಪಾಯಸಕ್ಕೆ ಸಕ್ಕರೆ ಹಾಕಿದಳೋ ಇಲ್ಲವೋ ನೋಡಿದಳು. ನೀವು ಅಗ್ಗದ ಸಾಮಾನು ಎಂದಿರಿ.

ನೀವು ಹೋದ ಮೇಲೆ ಬಿಚ್ಚಿ ನೋಡಿದೆ. ಬೋರ್ಡು ಸತ್ತಿತ್ತು. ಪ್ರಾಸೆಸರ್, ಮೆಮೊರಿ ಉಳಿದವು, ಅದೃಷ್ಟ. ಸೆಕೆಂಡ್ ಹ್ಯಾಂಡ್ ಬೋರ್ಡು ಹುಡುಕಿ ತಂದು ಮೊನ್ನೆ ಜರಡಿಯಲ್ಲೇ ಮತ್ತೆ ಕಟ್ಟಿದ್ದೇನೆ. ಒಂದೇ ಸಲಕ್ಕೆ ಆನ್ ಆಯಿತು. ಆ ಸ್ಟಡ್‌ಗಳ ಪೊಟ್ಟಣ ಮಾತ್ರ ನಿಮ್ಮ ಪೆಟ್ಟಿಗೆಯಲ್ಲಿ ಎಲ್ಲೂ ಸಿಗಲಿಲ್ಲ. ಕಂಪನಿಯವರು ಹಾಕಲು ಮರೆತಿರಬಹುದು.

ನಿಮ್ಮ ಬಗ್ಗೆ ನನಗೆ ತಿರಸ್ಕಾರ ಹುಟ್ಟಿದೆ, ಮುಚ್ಚಿಡುವುದಿಲ್ಲ. ಗೊತ್ತಿಲ್ಲದಿರುವುದಕ್ಕಲ್ಲ. ಗೊತ್ತಿಲ್ಲದವರು ಊರ ತುಂಬ ಇದ್ದಾರೆ, ಕೇಳಿ ತಿಳಿದುಕೊಳ್ಳುತ್ತಾರೆ. ಗೊತ್ತಿಲ್ಲದೆ ಇದ್ದೂ ಪತ್ರದ ಮೇಲೆ ಪತ್ರ ಬರೆದು ನನಗೇ ಪಾಠ ಹೇಳಿದಿರಲ್ಲ, ಅದಕ್ಕೆ. ಆದರೆ ನನ್ನ ಮೇಲೆ ನನಗಿರುವ ತಿರಸ್ಕಾರ ಅದಕ್ಕಿಂತ ಹೆಚ್ಚು. ನೀವು ಏನನ್ನಾದರೂ ಕಟ್ಟಿದ ಹಾಗೆ ಕಾಣಲಿ ಎಂದು ಓಡುತ್ತಿದ್ದ ಮೆಷಿನ್ ಬಿಚ್ಚಿಟ್ಟವಳು ನಾನು.

ಮದುವೆಯ ವಿಷಯ ನಾನು ಇನ್ನೂ ತೀರ್ಮಾನಿಸಿಲ್ಲ. ನಿಮ್ಮ ಉತ್ತರ ನೋಡಿ ತೀರ್ಮಾನಿಸುತ್ತೇನೆ ಎಂದು ಅಮ್ಮನಿಗೂ ಹೇಳಿದ್ದೇನೆ.

ವೈಷ್ಣವಿ

ವಿಜಯಪುರ
2 ನವೆಂಬರ್ 2025

ವೈಷ್ಣವಿಯವರಿಗೆ,

ಸಿಟ್ಟಿನಲ್ಲಿ ಒಂದು ಉತ್ತರ ಬರೆದು ಅಳಿಸಿದೆ. ಅದಾದ ಮೇಲೆ ಬರೆದದ್ದನ್ನೂ ಅಳಿಸಿದೆ. ಈಗ ಬರೆಯುತ್ತಿರುವುದು ಅಪ್ಪಾಜಿಗೆ ಗೊತ್ತಿಲ್ಲ.

ನಾನು ಒಂದು ಕಂಪ್ಯೂಟರನ್ನೂ ಕಟ್ಟಿದವನಲ್ಲ. ನನ್ನ ಕೈಯಿಂದ ಮೆಷಿನ್‌ಗಳು ಹಾದುಹೋಗುತ್ತವೆ ಎಂದು ಬರೆದಿದ್ದೆ. ಹಾದುಹೋಗುವುದು ಬಿಲ್ಲುಗಳು. ಕೆಟ್ಟರೆ ಕಂಪನಿಯವರು ಬಂದು ಸರಿಮಾಡುತ್ತಾರೆ, ನಾನು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ. ನಿಮ್ಮ ಎರಡು ಪ್ರಶ್ನೆ ಬಂದಾಗ ನನಗೆ ಅವು ಅರ್ಥವೇ ಆಗಲಿಲ್ಲ. ಅರ್ಥವಾಗಲಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ಆಗ ಬಂದದ್ದು ಯೂಟ್ಯೂಬಿನ ಆ ಮಾತು. ನಿಜ ಹೇಳಬೇಕೆಂದರೆ ಯೂಟ್ಯೂಬ್ ನೋಡಿ ಕಲಿತವನು ನಾನು, ಅದೂ ಖಂಡೆ ಪೂಜೆಗೆ ಮುಂಚಿನ ಒಂದು ವಾರ, ಬ್ಯಾಂಕಿನ ಬಾಗಿಲು ಹಾಕಿದ ಮೇಲೆ ಕೂತು. ನಮ್ಮ ಜವಾನ ಜಟ್ಟೆಪ್ಪ ಸ್ಟೋರಿನಿಂದ ಒಂದು ಗುಜರಿ ಕಂಪ್ಯೂಟರ್ ತಂದುಕೊಟ್ಟಿದ್ದ. ಅದನ್ನು ಬಿಚ್ಚಿ ಕಟ್ಟಿ ನೋಡಿದೆ. ಅದರಲ್ಲಿ ಸ್ಟಡ್ ಮೊದಲೇ ಇದ್ದವು, ಹಾಗಾಗಿ ಹಾಕಬೇಕು ಎಂದು ತಲೆಗೆ ಬರಲೇ ಇಲ್ಲ.

ಆದರೆ ಇನ್ನೊಂದಿದೆ. ಕಂಪನಿಯವರು ಪೊಟ್ಟಣ ಹಾಕಲು ಮರೆತಿರಲಿಲ್ಲ. ಹೊಗೆ ಬಂದ ಮೇಲೆ ಥರ್ಮಾಕೋಲ್ ಎತ್ತಿದಾಗ ಅದರ ಅಡಿಯಲ್ಲಿ ಕಂಡಿತು. ಕಂಡ ಕೂಡಲೇ ಏನಾಗಿದೆ ಎಂದು ನನಗೆ ಗೊತ್ತಾಯಿತು. ಎಲ್ಲರೂ ನಿಮ್ಮ ಮುಖ ನೋಡುತ್ತಿದ್ದರು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಸಾಮಾನು ಅಗ್ಗದ್ದು ಎಂದೆ. ಈ ಕ್ರಮದಲ್ಲೇ ನಡೆದದ್ದು, ತಿರುಗಿಸಿ ಹೇಳುವುದಿಲ್ಲ. ಇಲ್ಲಿಗೆ ಬಂದು ಆ ಪತ್ರ ಬರೆದದ್ದೂ ಅದು ಮೇಜಿನ ಖಾನೆಯಲ್ಲಿ ಇರುವಾಗಲೇ.

ನಾನು ಕೆಟ್ಟವನಲ್ಲ ಎಂದು ಬರೆಯೋಣ ಎಂದುಕೊಂಡೆ. ಅದನ್ನು ನೀವೇ ಹೇಳಬೇಕು. ನನಗೆ ನಾಚಿಕೆಯಾಗಿದೆ. ಬೋರ್ಡು ನಾನು ಕೊಡಿಸುತ್ತೇನೆ. ಅಪ್ಪಾಜಿಗೆ ನಿಜ ಹೇಳುತ್ತೇನೆ, ಸ್ವಲ್ಪ ಸಮಯ ಬೇಕು. ನೀವು ಒಪ್ಪಿದರೆ ಒಂದು ದಿನ ಬಂದು ನಿಮ್ಮ ಪಕ್ಕ ಕೂತು, ನೀವು ಕಟ್ಟುವುದನ್ನು ನೋಡಿ ಕಲಿಯುತ್ತೇನೆ. ಕೆಲಸ ಬಿಡುವ ಮಾತನ್ನು ಇನ್ನೆಂದೂ ಎತ್ತುವುದಿಲ್ಲ.

ಶಿವಶರಣ

ಕಮ್ಮನಹಳ್ಳಿ
12 ನವೆಂಬರ್ 2025

ಶಿವಶರಣ ಅವರಿಗೆ,

ನಿಮ್ಮ ಪತ್ರಗಳಲ್ಲಿ ನಾನು ಎರಡನೇ ಸಲ ಓದಿದ್ದು ಇದೊಂದನ್ನೇ. ಓದುವಾಗ ನೀವು ಮೊದಲ ಬಾರಿಗೆ ಇಷ್ಟವಾದಿರಿ. ಅದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ.

ನೀವು ಪೊಟ್ಟಣ ಜೇಬಿಗೆ ಹಾಕಿಕೊಂಡದ್ದನ್ನು ನಾನು ಆಗಲೇ ನೋಡಿದ್ದೆ. ಕಂಪನಿಯವರು ಮರೆತಿರಬಹುದು ಎಂದು ಬರೆದದ್ದು ಬೇಕೆಂದೇ. ನೀವು ಹೂಂ ಎಂದುಬಿಡುತ್ತೀರೋ, ನಿಜ ಹೇಳುತ್ತೀರೋ ನೋಡೋಣ ಎಂದು. ನಿಜ ಹೇಳಿದರೆ ಮದುವೆ ಮುಂದುವರಿಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ನೀವು ಹೇಳಿದಿರಿ. ನನಗೆ ಸಂತೋಷವಾಗಬೇಕಿತ್ತು.

ಆಗಲಿಲ್ಲ. ಯಾಕೆಂದು ಹತ್ತು ದಿನ ಯೋಚಿಸಿದೆ. ನೀವು ಜೇಬಿಗೆ ಹಾಕಿಕೊಂಡಾಗ ನಾನು ಅಲ್ಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಈ ಮನುಷ್ಯ ಎಷ್ಟು ಕೆಳಗೆ ಇಳಿಯುತ್ತಾನೆ, ಇಳಿಯಲಿ, ನೋಡೋಣ ಎಂದು ಕೂತೆ. ಅದರಲ್ಲಿ ನನಗೆ ಒಂದು ಥರದ ಸುಖವೂ ಸಿಕ್ಕಿತು. ನೀವು ಬಚ್ಚಿಡುವುದು, ನಾನು ನೋಡಿಯೂ ನೋಡದ ಹಾಗಿದ್ದು ನಿಮ್ಮನ್ನು ಅಳೆಯುವುದು, ನಿಮ್ಮ ಒಂದೊಂದು ಮಾತಿಗೂ ಮೂಗು ಮುರಿಯುವುದು. ಮದುವೆಯಾದರೆ ಜನ್ಮ ಪೂರ್ತಿ ಇದೇ ನಡೆಯುತ್ತದೆ. ನಿಮ್ಮನ್ನು ಕ್ಷಮಿಸಿದ್ದೇನೆ, ಅದು ಕಷ್ಟವಾಗಲಿಲ್ಲ. ಗೌರವ ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಅದಿಲ್ಲದೆ ಯಾರಿಗಾದರೂ ಬ್ಲೌಸಿನ ಫೈಲ್ ಮಾಡಿಕೊಡಬಲ್ಲೆ, ಸಂಸಾರ ಮಾಡಲಾರೆ. ಈ ಮದುವೆ ಬೇಡ.

ಬೋರ್ಡು ಕೊಡಿಸುವುದು ಬೇಡ, ಓಡುತ್ತಿರುವುದು ಚೆನ್ನಾಗಿದೆ. ಕಲಿಯುವ ಆಸೆ ನಿಜವಾದರೆ ಆ ಗುಜರಿ ಕಂಪ್ಯೂಟರನ್ನೇ ಇನ್ನೊಂದು ಸಲ ಬಿಚ್ಚಿ, ಸ್ಟಡ್‌ಗಳನ್ನೂ ತೆಗೆದು, ಮೊದಲಿನಿಂದ ಕಟ್ಟಿ. ಯಾರೂ ನೋಡದೆ ಇರುವಾಗ ಕಟ್ಟಿ.

ಅಮ್ಮನಿಗೆ ಹೇಳಿದೆ. ಮೊದಲು ಬೈದಳು. ಅವನು ತಪ್ಪು ಒಪ್ಪಿಕೊಂಡಿದ್ದಾನೆ, ಇನ್ನೇನು ಬೇಕು ನಿನಗೆ ಎಂದು ಅತ್ತಳು. ‘ನೀ ಬಿಚ್ಚು ಅಂದಿ, ಬಿಚ್ಚಿದೆ. ನಾಳೆ ಅವರ ಮನಿಯೊಳಗ ಮತ್ತೊಂದ್ ಬಿಚ್ಚು ಅಂದ್ರ ಏನ್ ಮಾಡ್ಲಿ?’ ಎಂದು ಕೇಳಿದೆ. ಅಮ್ಮ ಎದ್ದು, ನಿಶ್ಚಿತಾರ್ಥದ ಸೀರೆಯನ್ನೂ ಉಂಗುರವನ್ನೂ ಬೀರುವಿನಿಂದ ತೆಗೆದು ತಾನೇ ಗಂಟು ಕಟ್ಟಿದಳು. ಅಪ್ಪ ಹೋಗಿ ಕೊಟ್ಟು ಬರಲಿ ಎಂದೆ.

‘ಅವರ್ಯಾಕ? ಬಿಚ್ಚಂತ ಹೇಳಿದಾಕಿ ನಾನು. ಬ್ಯಾಡ ಅಂತ ಹೇಳಾಕೂ ನಾನ ಹೋಗ್ತೀನಿ’ ಎಂದಳು.

ಭಾನುವಾರ ಬೆಳಗ್ಗೆ ಬರುತ್ತಾಳೆ. ಇಷ್ಟು ದೂರ ಒಬ್ಬಳೇ ರೈಲು ಹತ್ತುವುದು ಅವಳಿಗೆ ಇದೇ ಮೊದಲು. ಅಷ್ಟರೊಳಗೆ ನಿಮ್ಮ ತಂದೆಯವರಿಗೆ ನಡೆದದ್ದನ್ನು ನೀವೇ ಹೇಳಿರಿ, ಅದನ್ನೂ ಅವಳ ಬಾಯಿಂದ ಹೇಳಿಸಬೇಡಿ.

ವೈಷ್ಣವಿ